ಹನ್ನೊಂದನೆಯ ಸೇರು

ಫೋನಿನ ಗಾಜಿನಲ್ಲಿ ಮೊದಲು ಕಂಡದ್ದು ತನ್ನದೇ ಬೋಳು ಹಣೆ, ಎಷ್ಟು ಅಗಲ, ಅದರ ಹಿಂದೆ ಒಲೆಗೋಡೆಯ ಮಸಿ, ಅದೂ ಆ ದೇಶಕ್ಕೆ ಕಾಣುತ್ತದೋ ಏನೋ, ಪಕ್ಕದ ಮನೆಯ ಮಿನಾಜ ಫೋನನ್ನು ಕೊಡಕ್ಕೆ ಒರಗಿಸಿ ಅಳ್ಳಾಡಬ್ಯಾಡ್ರಿ ಮೌಶಿ ಅನ್ನುತ್ತಿದ್ದಾಳೆ, ನಿಂಬೆವ್ವ ಅಲ್ಲಾಡುವುದಿಲ್ಲ, ತುಟಿ ಮಾತ್ರ ಆ ದೇಶದ ಎಣಿಕೆ ಆಡುತ್ತಿದೆ, ಲಾಭ, ದೋಸ್, ತ್ರೇಸ್ — ಅಯ್ಯ, ಮತ್ತೆ ಲಾಭ! ಲಾಭ ಅಲ್ರಿ, ಉನೊ, ಉನೊ ಅನ್ರಿ, ಎಂಟು ದಿನ ಆತು ಹೇಳಾಕತ್ತು. ಏನು ಮಾಡುವುದು, ನರೋಣಾ ಊರಿಗೆ ಕರೆಂಟಿನ ತೂಕದ ಕಾಟಾ ಬಂದರೂ ಬೀಜದ ಜೋಳ ಅಳೆಯಲು ಈಗಲೂ ಅವಳೇ ಬೇಕು, ರಾಶಿಯ ಮುಂದೆ ಕೂತವರು ಒಂದು ಅನ್ನಬಾರದು, ಮೊದಲ ಸೇರಿಗೆ ಲಾಭ, ಆಮೇಲೆ ಎರಡು, ಮುಂದಿನ ಸೇರು ತುಂಬುವ ತನಕ ಎರಡೂ ಎರಡೂ ಎರಡೂ ಅನ್ನುತ್ತಲೇ ಇರಬೇಕು, ಬಾಯಿ ನಿಂತರೆ ಲೆಕ್ಕ ತಪ್ಪಿತು, ಮೂವತ್ತು ವರ್ಷದಲ್ಲಿ ಅವಳದು ಒಂದು ಸೇರೂ ತಪ್ಪಿಲ್ಲ, ನಿಂಬೆವ್ವನ ಅಳತಿ ಅಂದ್ರ ಅಳತಿ ಎಂದು ಹಿರೋಳ್ಳಿಯವರೂ ಅನ್ನುತ್ತಾರೆ. ಪ್ಯಾರಿಬಿ, ಮಿನಾಜಳ ಅಜ್ಜಿ, ಹೊಸ್ತಿಲಲ್ಲಿ ಅಡಕೆ ಕತ್ತರಿಸುತ್ತ ನಕ್ಕಿದ್ದಳು, ಯಾ ಅಲ್ಲಾ, ಹನ್ನೆರಡಕ್ಕ ದೋಸೆ ಅಂತಾರಂತ, ಆ ಮಂದಿ ಎಣಸ್ತಾರೋ ತಿಂತಾರೋ ಬೇ — ಅವತ್ತು ನಿಂಬೆವ್ವನೂ ನಕ್ಕಳು, ನಕ್ಕವಳು ಎದ್ದು ಒಳಗೆ ಹೋಗಿ ಸುಮ್ಮನೆ ನೀರು ಕುಡಿದಳು.

ಹನ್ನೆರಡನೆಯ ದಿನಕ್ಕಲ್ಲವೇ ತೊಟ್ಟಿಲು. ಗಂಡ ಕಾಮಾಲೆಯಲ್ಲಿ ಹೋಗಿ ಐದು ತಿಂಗಳಿಗೆ ಹುಟ್ಟಿದ ಕೂಸು, ಅಪ್ಪನ್ನ ನುಂಗಿ ಬಂದದ್ದು ಎಂದಳು ಅತ್ತೆ, ಸೊಲ್ಲಾಪುರದ ಅನಾಥಾಶ್ರಮಕ್ಕೆ ಮಾತಾಡಿ ಬಂದಳು, ತೊಟ್ಲಿಗೆ ಹಾಕಿ ಹೆಸರ ಕರದ್ರ ಆಮ್ಯಾಲ ನಿನ್ನ ಕೈಲೆ ಕೊಡೋದು ಆಗಂಗಿಲ್ಲ ಬೇ, ಇವತ್ತೇ ಕೊಟ್ಟುಬಿಡು, ಅದು ಹನ್ನೊಂದನೆಯ ದಿನ, ಪ್ಯಾರಿಬಿ ಆಗಲೇ ತನ್ನ ಹಸಿರು ಸೀರೆ ತಂದು ತೊಲೆಗೆ ಜೋಲಿ ಕಟ್ಟಿದ್ದಳು, ನಾಳಿಗೆ ಬೇಕಲ್ಲ ಎಂದು, ಅತ್ತೆ ಕೂಸನ್ನು ಎತ್ತಿಕೊಂಡು ಆಳಂದದ ಬಸ್ಸು ಹತ್ತಿದಳು, ಎದೆಯ ಹಾಲು ಕುಪ್ಪಸ ದಾಟಿ ಸೀರೆಗೆ ಇಳಿಯಿತು, ಜೋಲಿ ಬಾಗಿಲ ಗಾಳಿಗೆ ಸಣ್ಣಗೆ ತೂಗುತ್ತಿತ್ತು, ಯಾರೂ ಬಿಚ್ಚಲಿಲ್ಲ. ಆ ಕೂಸು ಈಗ ಇನೆಸ್, ಇಪ್ಪತ್ನಾಲ್ಕು ವರ್ಷ, ಸ್ಪೇನ್‌ನಲ್ಲಿ ಸಾಕಿದವರ ಮಗಳಾಗಿ ಬೆಳೆದು ಆಶ್ರಮದ ಹಳೆಯ ಕಾಗದ ಹಿಡಿದು ಹೆತ್ತವಳನ್ನು ಹುಡುಕಿದ್ದಾಳೆ, ಮಿನಾಜಳ ಇಂಗ್ಲಿಷಿನ ಮೂಲಕ ಒಂದೇ ಒಂದು ಮಾತು ಕೇಳಿ ಕಳಿಸಿದ್ದಾಳೆ, ನಾನು ನಿನ್ನ ಹತ್ತಿರ ಎಷ್ಟು ದಿನ ಇದ್ದೆ. ಅದನ್ನೂ ಇನ್ನೊಬ್ಬರ ಬಾಯಿಂದ ಹೇಳಿಸಲೇ, ಬೇಡ, ಅವಳ ಭಾಷೆಯಲ್ಲೇ ನಾನೇ ಹೇಳುತ್ತೇನೆ — ಆದರೆ ಹನ್ನೊಂದು ಒಂದೇ ಬಾಯಿಗೆ ಬರುವುದಿಲ್ಲ, ಮೊದಲಿನಿಂದ ಏರಿಕೊಂಡೇ ಬರಬೇಕು. ಹನ್ನೆರಡು ಅಂದುಬಿಡ್ರಿ ಮೌಶಿ, ತೊಟ್ಲಿಗೆ ಹಾಕಿದ್ರಿ, ಹೆಸರಿಟ್ಟಿದ್ರಿ ಅಂತ ತಿಳಕೋತಾಳ, ಒಂದ್ ದಿನ ಹೆಚ್ಚಾದ್ರ ಯಾರ ಗಂಟ ಹೋಗ್ತದ. ಹೌದು, ಯಾರದು ಹೋಗುತ್ತದೆ.

ಗಾಜು ಬೆಳಗಿತು. ದೇವರೇ, ಅದೇ ಅಗಲ ಹಣೆ. ಹುಡುಗಿ ಏನೋ ಅಂದಳು, ಕೈ ಬಾಯಿಗೆ ಒತ್ತಿಕೊಂಡಳು, ಕೇಳಾಕತ್ತಾಳ್ರಿ, ಹೇಳ್ರಿ, ನಿಂಬೆವ್ವ ಬೆರಳು ಮಡಚಿದಳು, ಉನೊ, ಈ ಸಲ ಸರಿಯಾಗಿ ಉನೊ, ದೋಸ್, ತ್ರೇಸ್, ಕ್ವಾತ್ರೊ, ಸಿಂಕೊ, ಹುಡುಗಿಯೂ ಅಲ್ಲಿಂದ ಮೆಲ್ಲಗೆ ದನಿಗೂಡಿಸಿದಳು, ಸೇಯ್ಸ್, ಸಿಯೇತೆ, ಏಳನೆಯ ದಿನ ಜ್ವರ ಬಂದಿತ್ತು ನಿನಗೆ, ಓಚೊ, ನುವೇವೆ, ಒಂಬತ್ತಕ್ಕೆ ನನ್ನ ಬೆರಳು ಹಿಡಿದೆ, ದಿಯೇಸ್, ಬೆರಳು ಮುಗಿದವು, ಓನ್ಸೆ — ಮುಂದಿನದು ನಾಲಿಗೆಯ ಮೇಲೆ ಬಂದು ಕೂತಿದೆ, ಒಂದು ಸೇರು ಹೆಚ್ಚು, ಒಂದು ದಿನ, ಒಂದು ಹೆಸರು, ಹುಡುಗಿ ಬಾಯಿ ಅರೆ ತೆರೆದು ಕಾಯುತ್ತಿದ್ದಾಳೆ. ಓನ್ಸೆ ಅಂದಳು ನಿಂಬೆವ್ವ. ಓನ್ಸೇ, ಓನ್ಸೇ, ಸಾಕ್ರಿ ಮೌಶಿ, ತಿಳೀತು ಆಕಿಗೆ, ಓನ್ಸೇ, ಮುಂದಿನ ಸೇರು ತುಂಬದೆ ಬಾಯಿ ಹೇಗೆ ನಿಲ್ಲಿಸಲಿ, ಓನ್ಸೇ, ತೊಲೆ, ಹಸಿರು ಸೀರೆ, ಬಿಗಿದ ಗಂಟು, ಒಳಗೆ ಯಾರೂ ಇಲ್ಲದ ಜೋಲಿ ತೂಗುತ್ತಿದೆ, ಓನ್ಸೇ, ತೂಗುತ್ತಿದೆ, ಓನ್ಸೇ