ಕಸ್ತೂರೆವ್ವನ ಕೈಗುಣ

ಹಿರೇವಡ್ಡಟ್ಟಿಯ ಉಳವಪ್ಪನ ಮನೆಯಲ್ಲಿ ಮಕ್ಕಳಿಗೆ ಬೇರೆ ಬೇರೆ ತಾಟು ಇಡುವ ರೂಢಿ ಇರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಉಳವಪ್ಪನ ತಾಯಿ ಕಸ್ತೂರೆವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಹಿತ್ತಾಳೆಯ ಗಂಗಾಳ ಮುಂದಿಟ್ಟುಕೊಂಡು ಕೂತರೆ ಮೊಮ್ಮಕ್ಕಳಿಬ್ಬರೂ ಅವಳ ಎರಡು ಮಗ್ಗುಲಿಗೆ ಬಂದು ಅಂಟಿಕೊಳ್ಳುತ್ತಿದ್ದರು. ಐದು ವರ್ಷದ ನೀಲವ್ವ ಒಂದು ಕಡೆ, ಮೂರು ವರ್ಷದ ಕೊಟ್ರ ಇನ್ನೊಂದು ಕಡೆ. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು, ಬೆಲ್ಲ ಹಾಕಿ, ಐದೂ ಬೆರಳಿನಿಂದ ಚೆನ್ನಾಗಿ ಕಿವುಚಿ ಅವಳಿಗೊಂದು ತುತ್ತು, ಇವನಿಗೊಂದು ತುತ್ತು, ನಡುವೆ ತನಗೊಂದು. ಓಣಿಯ ಮಗು ಯಾವುದಾದರೂ ಬಾಗಿಲಲ್ಲಿ ನಿಂತಿದ್ದರೆ ಅದಕ್ಕೂ ಒಂದು. ಕಸ್ತೂರೆವ್ವನ ಕೈತುತ್ತಿನ ರುಚಿಯೇ ಬೇರೆ ಎಂದು ಓಣಿಯೆಲ್ಲ ಹೇಳುತ್ತಿತ್ತು. ಅವಳಿಗೂ ಅದು ಗೊತ್ತಿತ್ತು.

ಆ ಕೈ ಇನ್ನೊಂದಕ್ಕೂ ಹೆಸರಾಗಿತ್ತು. ದೇವರ ಮಾಡದಲ್ಲಿ, ವಿಭೂತಿಯ ಗಟ್ಟಿಯ ಪಕ್ಕದಲ್ಲಿ, ಗೇಣುದ್ದದ ಕಬ್ಬಿಣದ ಕಡ್ಡಿಯೊಂದಿತ್ತು. ಅವಳ ಅತ್ತೆ ಸಾಯುವ ಮೊದಲು ಕೈಯಲ್ಲಿಟ್ಟು ಹೋದದ್ದು. ಕೂಸಿನ ಹೊಟ್ಟೆ ಉಬ್ಬಲಿ, ಹಾಲು ಕಕ್ಕಲಿ, ಹುಳ ಬೀಳಲಿ, ಎಲ್ಲದಕ್ಕೂ ಅದೊಂದೇ ಮದ್ದು. ಕಡ್ಡಿಯನ್ನು ಕೆಂಪಗೆ ಕಾಸಿ ಹೊಕ್ಕುಳ ಸುತ್ತ ಬರೆ ಹಾಕುವುದು, ಮೇಲೆ ಸೆಗಣಿ ಕುಳ್ಳಿನ ಬೂದಿ ಒತ್ತುವುದು. ಮುಂಡರಗಿಯಿಂದ, ಶಿರಹಟ್ಟಿಯಿಂದ ಕೂಡ ಬಂಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಕಸ್ತೂರೆವ್ವ ಎಲೆಯಡಿಕೆಯ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಬದುಕಿದ ಮಕ್ಕಳೆಲ್ಲ ಅವಳ ಕೈಗುಣದಿಂದ ಬದುಕಿದವು, ಸತ್ತವು ಮಾತ್ರ ಶಿವನ ಇಚ್ಛೆಯಿಂದ ಸತ್ತವು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಬೇರೆ ರೀತಿಯಲ್ಲಿ ಯೋಚಿಸಿರಲಿಲ್ಲ, ಅವಳಂತೂ ಇಲ್ಲವೇ ಇಲ್ಲ.

ಮನೆಯಲ್ಲಿ ಉಗುರು ಕತ್ತರಿಸಲೂ ಕಟ್ಟಳೆ ಇತ್ತು. ಸೋಮವಾರ ಬಸವಣ್ಣನ ವಾರ, ಮಂಗಳವಾರ ಶುಕ್ರವಾರ ಲಕ್ಷ್ಮಿಯ ವಾರ, ಅಮಾವಾಸ್ಯೆ ಹುಣ್ಣಿಮೆ ಕೇಳುವುದೇ ಬೇಡ, ದೀಪ ಹಚ್ಚಿದ ಮೇಲೆ ಯಾವ ದಿನವೂ ಕೂಡದು. ಉಳಿದ ದಿನಗಳಲ್ಲಿ ಹೊಲದ ಕೆಲಸ. ಹೀಗಾಗಿ ಆ ಮನೆಯಲ್ಲಿ ಉಗುರುಗಳು ತಮ್ಮಷ್ಟಕ್ಕೆ ಮುರಿದು ಬಿದ್ದರೆ ಬೀಳುತ್ತಿದ್ದವು. ಕೊಟ್ರನಿಗಂತೂ ಜಾವಳ ಆಗುವ ತನಕ ತಲೆಗೂ ಉಗುರಿಗೂ ಕತ್ತರಿ ತಾಗಿಸುವಂತಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನೀಲವ್ವ ಸೊರಗತೊಡಗಿದಳು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು, ಹೊರಳಾಡುತ್ತಿದ್ದಳು, ಮರೆತೇಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿತ್ತು. ಕೈ ಯಾವಾಗಲೂ ಹಿಂದೆ, ಲಂಗದ ಒಳಗೆ. ಕಸ್ತೂರೆವ್ವ ಆ ಕೈಗೆ ಫಟ್ಟನೆ ಹೊಡೆಯುತ್ತಿದ್ದಳು.

“ಹೆಣ್ಣಹುಡುಗಿ ಅಲ್ಲೆಲ್ಲ ಕೈ ಹಾಕಬಾರ್ದು. ನಾಳೆ ಕೊಟ್ಟ ಮನ್ಯಾಗ ಏನಂತಾರ?”

“ತುರಸ್ತೈತಿ ಆಯಿ,” ಎಂದು ನೀಲವ್ವ ಅಳುತ್ತಿದ್ದಳು.

ತುರಿಸುವುದು ಹೇಗಿರುತ್ತದೆಂದು ಕಸ್ತೂರೆವ್ವನಿಗೆ ಗೊತ್ತಿತ್ತು. ಅವಳಿಗೂ ಎಷ್ಟೋ ವರ್ಷಗಳಿಂದ ಅದೇ ಬಾಧೆ. ಮೈಯ ಉಷ್ಣ ಎಂದುಕೊಂಡು, ಹರಳೆಣ್ಣೆ ಹಚ್ಚಿಕೊಂಡು, ಯಾರಿಗೂ ಬಾಯಿ ಬಿಡದೆ ದಿನ ನೂಕಿದ್ದಳು. ಹೇಳುವ ಮಾತೇ ಅದು? ಮೊಮ್ಮಗಳ ಕೈಗಳನ್ನು ಮಾತ್ರ ಮಲಗುವ ಮುನ್ನ ಹಳೆಯ ಸೀರೆಯ ಚಿಂದಿಯಿಂದ ಕಟ್ಟಿಬಿಡುತ್ತಿದ್ದಳು.

ಮಹಾನವಮಿಯ ರಜೆಗೆ ಸೊಸೆ ಸುಮಿತ್ರವ್ವನ ಅಕ್ಕ ಶಾರದವ್ವ ಬಂದಳು. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಬಂದ ಮರುದಿನವೇ ಆ ಚಿಂದಿ ಅವಳ ಕಣ್ಣಿಗೆ ಬಿತ್ತು. ಬೆಳಗಾಗುತ್ತಿದ್ದಂತೆ, ನೀಲವ್ವ ಇನ್ನೂ ಏಳುವ ಮೊದಲು, ಲಂಗ ಸರಿಸಿ ನೋಡಿ ಕಸ್ತೂರೆವ್ವನನ್ನು ಕರೆದಳು.

“ಅತ್ಯಾರ, ಇಲ್ಲಿ ಬಂದು ನೋಡ್ರಿ.”

ಕಸ್ತೂರೆವ್ವ ಬಗ್ಗಿ ನೋಡಿದಳು. ಬಿಳಿ ದಾರದ ಚೂರುಗಳಂಥವು. ನೋಡುತ್ತಿದ್ದಂತೆ ಒಂದು ಚೂರು ಹೊರಳಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಂಜಬ್ಯಾಡ್ರಿ,” ಎಂದಳು ಶಾರದವ್ವ. “ನಮ್ಮ ಶಾಲಿ ಹುಡುಗ್ಯಾರಿಗೂ ಆಗ್ತಾವು. ಗದಗಿನ್ಯಾಗ ಡಾಕ್ಟರಬಾಯಿ ಅದಾರ, ಕುಡ್ಯಾಕ ಔಷಧ ಕೊಡ್ತಾರ. ಉಗುರು ಕತ್ತರಸ್ಬೇಕು, ಸೋಪು ಹಚ್ಚಿ ಕೈ ತೊಳೀಬೇಕು, ಅಷ್ಟ.”

“ಹೊಟ್ಟ್ಯಾಗಿನ ಹುಳಕ್ಕ ಉಗುರು ಏನ ಮಾಡ್ತಾವ? ಬೆಲ್ಲಾ ಜಾಸ್ತಿ ತಿಂದಾಳ, ಹುಳಾ ಬಿದ್ದಾವು.”

“ಹಂಗಲ್ರಿ. ನೀಲಿ ತುರಿಸ್ಕೋತಾಳ, ಉಗುರಿನ್ಯಾಗ ತತ್ತಿ ಸೇರ್ತಾವು, ಅದ ಕೈ ಬಾಯಾಗ ಹೋಗ್ತೈತಿ. ಆಕಿಂದಷ್ಟ ಅಲ್ಲ, ಮನಿ ಮಂದಿ ಎಲ್ಲಾರ್ದೂ ನೋಡ್ಬೇಕು.”

ಕಸ್ತೂರೆವ್ವನ ಮುಖ ಬಿಗಿಯಿತು. “ನಮ್ಮನಿ ಮಂದಿಗೆ ಅಂಥಾದ್ದೇನಿಲ್ಲ. ನಾಲ್ಕ ಪುಸ್ತಕಾ ಓದಿದ್ರ ಹಿರ್ಯಾರೆಲ್ಲ ಹೊಲಸ ಕಾಣ್ತಾರೇನು? ಈ ಕೈಲೆ ಎಷ್ಟ ಕೂಸು ಉಳಿಸೇನಿ, ಊರಾಗ ಕೇಳಿ ಬಾ.”

ಶಾರದವ್ವ ಉಳವಪ್ಪನಿಗೂ ಹೇಳಿದಳು. ಅವನು ಒಳ್ಳೆಯ ಮನುಷ್ಯ, ಆದರೆ ತಾಯಿಯ ಮುಂದೆ ಅವನ ಒಳ್ಳೆಯತನ ತಲೆ ತಗ್ಗಿಸಿ ಕೂತುಬಿಡುತ್ತಿತ್ತು. ಸುಗ್ಗಿ ಆದ ಮೇಲೆ ನೋಡೋಣ ಎಂದ. ಶಾರದವ್ವ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು.

ಅಕ್ಕೋರು ತೋರಿಸಿದ ಹುಳ ಕಸ್ತೂರೆವ್ವನ ಕಣ್ಣಿನಿಂದ ಹೋಗಲಿಲ್ಲ. ಅಂಥವು ಮೊಮ್ಮಗಳ ಕರುಳನ್ನು ಕೊರೆಯುತ್ತಿವೆ ಎಂದು ನೆನೆಸಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಮಠದ ಅಯ್ಯನವರ ಹತ್ತಿರ ಹೋಗಿ ಬರೆ ಹಾಕಲು ಒಳ್ಳೆಯ ದಿನ ಕೇಳಿದಳು. ಐತವಾರ ಬಹಳ ಚಲೋ ಇದೆ ಎಂದರು. ಕಡ್ಡಿ ಒಲೆಗೆ ಬಿತ್ತು. ಉಳವಪ್ಪ ಕಾಲು ಹಿಡಿದ, ಪಕ್ಕದ ಮನೆಯ ಕರಿಯವ್ವ ಕೈ ಹಿಡಿದಳು. ಸುಮಿತ್ರವ್ವ ಹಿತ್ತಲಿಗೆ ಓಡಿಹೋಗಿ ಕಿವಿ ಮುಚ್ಚಿಕೊಂಡಳು.

“ಒಲ್ಲೆ ಆಯಿ, ಬೆಲ್ಲಾ ತಿನ್ನೂದಿಲ್ಲ, ಇನ್ನ ತುರಿಸ್ಕೊಳ್ಳೂದಿಲ್ಲ,” ಎಂದಳು ನೀಲವ್ವ. ಆಮೇಲೆ ಅವಳ ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಹೊಕ್ಕುಳ ಸುತ್ತ ಬರೆ ಬಿತ್ತು. ಸುಟ್ಟ ಚರ್ಮದ ವಾಸನೆ ಪಡಸಾಲೆಯಲ್ಲಿ ನಿಂತಿತು. ಕಸ್ತೂರೆವ್ವ ಬೂದಿ ಒತ್ತಿ, ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ತಾನೂ ಅತ್ತಳು. ಅವಳ ಪ್ರೀತಿ ಸುಳ್ಳಾಗಿರಲಿಲ್ಲ. ಓದುಗರು ಇದನ್ನು ಮರೆಯಬಾರದು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಸುಟ್ಟ ಕೈಗಳೆಲ್ಲ ಪ್ರೀತಿಯ ಕೈಗಳೇ.

ಸೀಗಿ ಹುಣ್ಣಿಮೆ ಬಂತು. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ಬರೆಯ ಗಾಯ ಇನ್ನೂ ಮಾಗಿರಲಿಲ್ಲ, ನೀಲವ್ವ ನಾಲ್ಕೈದು ದಿನದಿಂದ ಮಂಕಾಗಿದ್ದಳು. ಕಸ್ತೂರೆವ್ವ ಶೇಂಗಾ ಹೋಳಿಗೆಗೆ ತುಪ್ಪ ಸವರಿ, ಮುರಿದು, ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು.

“ಬಾಯಿ ತಗಿ, ನನ್ನವ್ವ.”

ನೀಲವ್ವ ಬಾಯಿ ತೆರೆಯಲಿಲ್ಲ.

“ಸಿಟ್ಟೇನು ಆಯಿ ಮ್ಯಾಲೆ? ತಗಿ.”

ಮಗುವಿನ ಕಣ್ಣು ತುತ್ತಿನ ಮೇಲೇ ಇತ್ತು. ತಿನ್ನುವ ಆಸೆ ಕಣ್ಣಿನಲ್ಲಿ ಕಾಣುತ್ತಿತ್ತು. ದವಡೆ ಮಾತ್ರ ಅಲುಗಲಿಲ್ಲ. ಕಸ್ತೂರೆವ್ವ ಹಲ್ಲುಗಳ ನಡುವೆ ಬೆರಳು ತೂರಿಸಲು ನೋಡಿದಳು, ಬೆರಳು ಒಳಗೆ ಹೋಗಲಿಲ್ಲ. ತುಟಿ ಎರಡೂ ಕಡೆ ಜಗ್ಗಿಕೊಂಡು ನಕ್ಕಂತೆ ಕಾಣುತ್ತಿತ್ತು. ಮರುಗಳಿಗೆಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ತುಪ್ಪದ ಹೋಳಿಗೆ ಮಣ್ಣಿಗೆ ಬಿತ್ತು.

ಮನೆಗೆ ತಂದು ಮಲಗಿಸಿದಾಗ ಓಣಿಯೆಲ್ಲ ನೆರೆದಿತ್ತು. ಹುಳ ಮೇಲೆ ಏರಿ ದವಡೆಗೆ ಬಂದಿವೆ, ಹಲ್ಲು ಕಡಿಯುತ್ತಿದ್ದದ್ದು ಅದಕ್ಕೇ ಎಂದಳು ಕರಿಯವ್ವ. ಕಪಾಳಕ್ಕೆ ಎರಡು ಬರೆ ಹಾಕಿದರೆ ಇಳಿಯುತ್ತವೆ ಎಂದರು ಹಿರಿಯರೊಬ್ಬರು. ಕಸ್ತೂರೆವ್ವನಿಗೂ ಅದೇ ಖರೆ ಎನಿಸಿತು. ಬೇರೆ ಏನೂ ಅವಳಿಗೆ ಗೊತ್ತಿರಲಿಲ್ಲ. ಕಡ್ಡಿ ಮತ್ತೆ ಒಲೆಗೆ ಹೋಯಿತು, ಕೆಂಪಗಾಗಿ ಹೊರಗೆ ಬಂತು. ಆಗ ಸುಮಿತ್ರವ್ವ ಬಂದು ಮಗಳ ಮುಂದೆ ಕೂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡಿದವಳಲ್ಲ.

“ಹಾಕೂದಿದ್ರ ನನ್ನ ಮಾರಿಗೆ ಹಾಕ್ರಿ ಅತ್ತಿ. ನನ್ನ ಮಗಳನ್ನ ಇನ್ನ ಮುಟ್ಟಬ್ಯಾಡ್ರಿ.” ಗಂಡನ ಕಡೆ ತಿರುಗಿ ಹೇಳಿದಳು: “ಬಂಡಿ ಕಟ್ತೀರೋ, ನಾನ ಹೊತ್ಕೊಂಡು ಹೋಗ್ಲೋ?”

ಉಳವಪ್ಪ ಬಂಡಿ ಕಟ್ಟಿದ. ಮುಂಡರಗಿಯಿಂದ ಮುಂದೆ ಮೋಟಾರು ಸಿಕ್ಕಿತು. ಕಸ್ತೂರೆವ್ವನನ್ನು ಯಾರೂ ಕರೆಯಲಿಲ್ಲ, ಅವಳೇ ಹತ್ತಿ ಕೂತಳು.

ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ಮಗುವಿನ ಅಂಗಿ ಎತ್ತಿ, ಬೂದಿ ಮೆತ್ತಿದ ಬರೆಗಳನ್ನು ನೋಡಿದರು.

“ಇದನ್ನ ಯಾರ ಮಾಡಿದ್ರು?”

“ನಾನರಿ,” ಎಂದಳು ಕಸ್ತೂರೆವ್ವ. “ಹುಳಾ ಆಗಿದ್ವು. ಸಣ್ಣವು, ಬಿಳೇವು, ದಾರದಂಗ.”

ಡಾಕ್ಟರಬಾಯಿ ಮಗುವನ್ನು ಕತ್ತಲೆಯ ಕೋಣೆಗೆ ಒಯ್ಯಿಸಿದರು. ಧನುರ್ವಾಯು, ಗಾಯದೊಳಗೆ ಸೆಗಣಿಯ ಬೂದಿಯಿಂದ ನಂಜು ಹೊಕ್ಕಿದೆ ಎಂದು ಉಳವಪ್ಪನಿಗೆ ತಿಳಿಸಿದರು. ಸೂಜಿ ಹಾಕಿದರು. ಬಾಗಿಲು ಕಿರುಗುಟ್ಟಿದರೂ ಮಗುವಿನ ಮೈ ಸೆಟೆಯುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಆ ಸೆಟೆತ ನಿಂತಿತು, ಉಸಿರೂ ನಿಂತಿತು. ಒಂದು ತುತ್ತು ಅನ್ನ, ಒಂದು ಗುಟುಕು ನೀರು ಒಳಗೆ ಹೋಗದೆ ನೀಲವ್ವ ಹೋಗಿಬಿಟ್ಟಳು.

ಕಸ್ತೂರೆವ್ವ ಗೋಡೆಗೆ ತಲೆ ಆನಿಸಿ, “ಹುಳಾ ತಿಂದುಬಿಟ್ವು ನನ್ನ ಕೂಸನ್ನ,” ಎಂದು ಅಳುತ್ತಿದ್ದಳು. ಡಾಕ್ಟರಬಾಯಿ ಅವಳ ಮುಂದೆ ಬಂದು ನಿಂತರು. ಅವರ ಕಣ್ಣೂ ಕೆಂಪಾಗಿತ್ತು.

“ಅಮ್ಮಾ, ಆ ಹುಳದಿಂದ ಯಾವ ಕೂಸೂ ಸಾಯೂದಿಲ್ಲ. ತುರಸ್ತೈತಿ, ನಿದ್ದಿ ಕೆಡಸ್ತೈತಿ, ಅಷ್ಟ. ಕುಡಿಯೋ ಔಷಧದಿಂದ ಹೋಗಿಬಿಡ್ತಿತ್ತು.”

ಕಸ್ತೂರೆವ್ವನ ಅಳು ಗಕ್ಕನೆ ನಿಂತಿತು. ಅವಳು ಡಾಕ್ಟರಬಾಯಿಯ ಬಾಯನ್ನೇ ನೋಡಿದಳು, ಇನ್ನೊಂದು ಮಾತು ಬಂದೀತು, ಈ ಮಾತನ್ನು ತಿದ್ದೀತು ಎನ್ನುವಂತೆ. ಆಮೇಲೆ, “ಹಂಗಾರ ಎಲ್ಲಿಂದ ಬಂದುವ್ರಿ ಅವು?” ಎಂದು ಕೇಳಿದಳು.

ಡಾಕ್ಟರಬಾಯಿ ಅವಳ ಬಲಗೈ ಹಿಡಿದು ಅಂಗಾತ ಮಾಡಿದರು. ಉದ್ದ ಉಗುರುಗಳ ಕೆಳಗೆ ಕಪ್ಪಗೆ ಕೊಳೆ ಇತ್ತು. “ಮನ್ಯಾಗ ಮಕ್ಕಳಿಗೆ ತುತ್ತು ಮಾಡಿ ಹಾಕೋರು ಯಾರು? ಅವರಿಗೂ ತುರಿಕಿ ಇದ್ದೀತು, ನಾಚಿಕಿಗೆ ಹೇಳಿರೂದಿಲ್ಲ. ಸಣ್ಣ ಮಗ ಇದ್ದಾನಂತಲ್ಲ, ಅವಗೂ ಆಗಿರ್ತಾವು. ಮನಿ ಮಂದಿ ಎಲ್ಲಾರೂ ಔಷಧ ತಗೊಳ್ರಿ. ಉಗುರು ತಗಸ್ರಿ, ಹಾಸಿಗಿ ಹೊದಿಕಿ ಕುದಿಯೋ ನೀರಾಗ ತೊಳೀರಿ.”

ಕಸ್ತೂರೆವ್ವ ತನ್ನ ಕೈಯನ್ನು ನೋಡಿಕೊಂಡಳು. ಹಾಲುರೊಟ್ಟಿ ಕಿವುಚಿದ ಬೆರಳು. ಅವಳಿಗೊಂದು ತುತ್ತು, ಇವನಿಗೊಂದು ತುತ್ತು, ಬಾಗಿಲಲ್ಲಿ ನಿಂತ ಮಗುವಿಗೊಂದು ತುತ್ತು. ಹುಳ ಕೊಟ್ಟದ್ದು ಈ ಕೈ, ಹುಳಕ್ಕೆಂದು ಸುಟ್ಟದ್ದೂ ಇದೇ ಕೈ. ಅವಳಿಗೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಊರಿಗೆ ಬರುವವರೆಗೂ ಮಡಿಲಲ್ಲಿ ಅಂಗಾತವಾಗಿಯೇ ಇಟ್ಟುಕೊಂಡು ಕೂತಿದ್ದಳು.

ಮನೆಯಲ್ಲಿ ಸುಮಿತ್ರವ್ವ ಎಲ್ಲರಿಗೂ ಔಷಧ ಕುಡಿಸಿದಳು, ಕೌದಿಗಳನ್ನು ಕುದಿಸಿದಳು, ಜಾವಳದ ಮಾತೆತ್ತದೆ ಕೊಟ್ರನ ಉಗುರು ಕತ್ತರಿಸಿದಳು. ಕೊಟ್ರನನ್ನು ಮಾತ್ರ ಅಜ್ಜಿಯ ಹತ್ತಿರ ಬಿಡಲಿಲ್ಲ. ಸಂಜೆ ಅವನು ಬೇರೆ ತಾಟಿನಲ್ಲಿ, ತೊಳೆದ ಕೈಯಿಂದ, ಅರ್ಧ ಚೆಲ್ಲಿ ಅರ್ಧ ತಿನ್ನುವುದನ್ನು ಕಸ್ತೂರೆವ್ವ ದೂರದ ಕಂಬದಿಂದ ನೋಡುತ್ತಿದ್ದಳು. ಒಂದು ದಿನ ಎದ್ದು ಹೋಗಿ ಕಡ್ಡಿಯನ್ನು ಹಾಳುಬಾವಿಗೆ ಎಸೆದು ಬಂದಳು. ಯಾರಿಗೂ ಹೇಳಲಿಲ್ಲ.

ಕನ್ನಡ ನಾಡು ಒಂದಾದ ಮರುದಿನ ಶುಕ್ರವಾರ, ದೀಪಾವಳಿಯ ಅಮಾವಾಸ್ಯೆ. ಶಾಲೆಯ ಹುಡುಗರು ಓಣಿಗಳಿಗೆ ಕಟ್ಟಿದ ಬಣ್ಣದ ಕಾಗದ ಇನ್ನೂ ಹಾಗೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಕಳಸಾಪುರದ ದುರಗವ್ವ ಎಂಬ ಹೆಂಗಸು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಈ ಮನೆಯಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ.

“ನಿಮ್ಮ ಕೈಗುಣಾ ಕೇಳಿ ಬಂದೇನ್ರಿ ಅವ್ವಾರ. ಹುಡುಗಿ ಹಲ್ಲು ಕಡೀತೈತಿ, ಒಂದ ಸವನ ತುರಿಸ್ಕೋತೈತಿ. ಬರಿ ಹಾಕ್ಬೇಕ್ರಿ.”

ಪಕ್ಕದ ಕಟ್ಟೆಯಿಂದ ಕರಿಯವ್ವ ಮತ್ತಿಬ್ಬರು ಹೆಂಗಸರೊಂದಿಗೆ ಎದ್ದು ಬಂದಳು. ಸುಮಿತ್ರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ದುರಗವ್ವ ಆಗಲೇ ಮಗುವಿನ ಅಂಗಿ ಎತ್ತುತ್ತಿದ್ದಳು. ನುಣುಪಾದ, ಒಂದು ಕಲೆಯೂ ಇಲ್ಲದ ಹೊಟ್ಟೆ. ಕಸ್ತೂರೆವ್ವ ಅಂಗಿಯನ್ನು ಕೆಳಗೆಳೆದು ಮುಚ್ಚಿದಳು.

“ಬರಿ ಹಾಕೂದಿಲ್ಲವಾ. ನಾಳೆ ಗದಗಿನ ಡಾಕ್ಟರಬಾಯಿ ಕಡೆ ಒಯ್ಯಿ, ಔಷಧ ಕೊಡ್ತಾರ.”

“ಹಂಗನಬ್ಯಾಡ್ರಿ. ಹುಳಾ ಕೂಸನ್ನ ತಿಂದುಬಿಟ್ಟಾವು.”

“ಹುಳಾ ತಿನ್ನೂದಿಲ್ಲ. ನನ್ನ ಮೊಮ್ಮಗಳು ನೀಲಿ ಹುಳದಿಂದ ಸಾಯಲಿಲ್ಲ. ಈ ಕೈಯಿಂದ ಸತ್ಲು.” ಕಸ್ತೂರೆವ್ವ ಕಟ್ಟೆಯ ಹೆಂಗಸರ ಕಡೆ ತಿರುಗಿದಳು. “ನನಗೂ ಅದ ತುರಿಕಿ ಇತ್ತು, ಎಷ್ಟೋ ವರ್ಷ. ನಾಚಿಕ್ಯಾಗಿ ಮುಚ್ಚಿಟ್ಟೆ, ಅದ ಕೈಲೆ ಕೂಸುಗೋಳಿಗೆ ಉಣಿಸ್ದೆ. ನಿಮ್ಮ ಮನ್ಯಾಗೂ ಇದ್ದೀತು, ಮುಚ್ಚಿಡಬ್ಯಾಡ್ರಿ.”

ಕರಿಯವ್ವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕಸ್ತೂರೆವ್ವ ಹೊಸ್ತಿಲ ಮೇಲೆ, ಹಣತೆಯ ಬೆಳಕಿಗೆ ಕೂತು, “ಸುಮಿತ್ರಾ, ಕತ್ತರಿ ಕೊಡು,” ಎಂದಳು.

ಸುಮಿತ್ರವ್ವ ತಡಮಾಡದೆ ಕತ್ತರಿ ತಂದಳು, ಜೊತೆಗೆ ನೀರು, ಸೋಪು. ಕಸ್ತೂರೆವ್ವ ಕೈ ತೊಳೆದು, ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಟ್ಟ ಹೆಬ್ಬೆರಳನ್ನು ಹಿಡಿದಳು. ದುರಗವ್ವ ಗಾಬರಿಯಿಂದ ಅವಳ ಮುಂಗೈ ಹಿಡಿದುಕೊಂಡಳು.

“ಅವ್ವಾರ, ಶುಕ್ರವಾರರಿ. ಅಮಾಸಿ ಬ್ಯಾರೆ. ದೀಪಾ ಹಚ್ಚೈತಿ. ಇವತ್ತ ಉಗುರು ತಗೀಬಾರ್ದು.”

ಕಸ್ತೂರೆವ್ವ ತಲೆ ಎತ್ತಿ ಅವಳನ್ನು ನೋಡಿದಳು.

“ನೀಲಿಗೆ ಚಲೋ ದಿನಾ ನೋಡಿ ಬರಿ ಹಾಕಿದ್ದೆ, ಯವ್ವಾ,” ಎಂದಳು. ದುರಗವ್ವನ ಕೈ ಸಡಿಲಾಯಿತು. ಮೊದಲ ಉಗುರು ಹೊಸ್ತಿಲ ಮೇಲೆ ಬಿತ್ತು.