ಒಂದೇ ಹೆಸರಿನ ಎರಡು ಮಿತಿ

"ಸಹಿ ಹಾಕು ಮಾರಿವಿಕ್. ನರ್ಸು ಯಂತ್ರದಲ್ಲಿ ಮಗುವಿನ ಮಿತಿ ತುಂಬಿಲ್ಲ, ಅಷ್ಟೇ."

ತಂಡದ ಮುಖ್ಯಸ್ಥ ರೊಡೆಲ್ ಸಾರ್ ವರದಿಯನ್ನು ಮೇಜಿನ ಮೇಲೆ ತಳ್ಳಿದರು. ಮಾರಿವಿಕ್‌ಳ ಕಿವಿ ಬಿಸಿಯಾಯಿತು. ಇಲೊಯಿಲೊ ಊರಿನ ಡಯಾಲಿಸಿಸ್ ಕೇಂದ್ರವೊಂದರ ಯಂತ್ರಗಳನ್ನು ಕಾಯುವ ಪ್ರೋಗ್ರಾಂ ಅವರ ಕಂಪನಿಯದು. ಮೊನ್ನೆ ಏಳು ವರ್ಷದ ಹುಡುಗಿಯೊಬ್ಬಳ ಮೈಯಿಂದ ನೀರು ಮಿತಿಮೀರಿ ಹೋಗುತ್ತಿದ್ದರೂ ಎಚ್ಚರಿಕೆಯ ಗಂಟೆ ಹೊಡೆಯಲಿಲ್ಲ. ಮಗು ಕಣ್ಣು ತೇಲಿಸಿದ್ದನ್ನು ಕಂಡು ನರ್ಸ್ ನೆನಿಂಗ್ ಯಂತ್ರ ನಿಲ್ಲಿಸಿದ್ದಳು. ಮಗು ಉಳಿಯಿತು. ನೆನಿಂಗ್‌ಳನ್ನೇ ಕೇಂದ್ರದವರು ಕೆಲಸದಿಂದ ಹೊರಗಿಟ್ಟರು.

"ಅವ್ಳು ತುಂಬಿದಾಳೆ ಸಾರ್, ದಾಖಲೆ ನೋಡ್ದೆ. ಪ್ರೋಗ್ರಾಮಲ್ಲಿ ದೊಡ್ಡ ರೋಗಿಗಳಿಗೆ ಬರೆದಿರೋ ಕ್ಲಾಸಲ್ಲಿ 'ಮಿತಿ' ಅಂತ ಒಂದು ಖಾನೆ ಇದೆ. ಅದನ್ನೇ ಆಧಾರ ಮಾಡ್ಕೊಂಡು ಬರೆದ ಮಕ್ಕಳ ಕ್ಲಾಸಲ್ಲೂ ನೀವು 'ಮಿತಿ' ಅಂತಾನೇ ಇನ್ನೊಂದು ಇಟ್ರಿ. ಅವ್ಳು ತುಂಬಿದ್ದು ಮಕ್ಕಳದಕ್ಕೆ ಹೋಯ್ತು. ಗಂಟೆ ಹೊಡಿಯೋ ಸಾಲುಗಳು ದೊಡ್ಡೋರ ಕ್ಲಾಸಲ್ಲಿವೆ, ಅವು ಅಲ್ಲಿರೋ ದೊಡ್ಡೋರ ಮಿತೀನೇ ನೋಡ್ತವೆ."

"ಪ್ರೋಗ್ರಾಂ ಭಾಷೆ ನಿಯಮಾನೇ ಹಾಗಿದೆ. ನಾನು ಮಾಡಿದ್ನಾ?"

"ಹೆಸರಿಟ್ಟೋರು ನೀವು ತಾನೆ!"

ಎಂಟು ತಿಂಗಳ ಹಿಂದೆ ಅವಳು ಆ ಸಾಲನ್ನು ತೋರಿಸಿ, ಹೆಸರು ಬೇರೆ ಇಡಿ, ಗೊಂದಲವಾಗುತ್ತದೆ ಎಂದಿದ್ದಳು. "ತಪ್ಪು ಹಿಡಿಯೋ ಕಂಪೈಲರ್‌ಗೇ ಇಲ್ದಿರೋ ತಕರಾರು ನಿಂಗ್ಯಾಕಮ್ಮಾ?" ಎಂದು ಅವರು ನಕ್ಕಿದ್ದರು. ತಂಡದವರೆಲ್ಲ ನಕ್ಕರು. ಅವಳು ಬಾಯಿ ಮುಚ್ಚಿಕೊಂಡಳು. ಈಗ ಆ ಮೌನವೇ ಎದೆಯಲ್ಲಿ ಕೆಂಡದಂತೆ ಸುಡುತ್ತಿತ್ತು.

ಪೆನ್ನು ತೆಗೆದು, ತಪ್ಪು ನರ್ಸಿನದು ಎಂಬ ವರದಿಯ ಕೊನೆಯ ವಾಕ್ಯವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ನಡೆದದ್ದನ್ನು ಕೆಳಗೆ ಬರೆದು ಸಹಿ ಹಾಕಿದಳು.

"ಇದನ್ನ ತಗೊಂಡು ಹೊರಗೆ ಹೋದ್ರೆ ನಾಳೆಯಿಂದ ಬರ್ಬೇಡ."

"ಬರಲ್ಲ."

ವರದಿ ಹಿಡಿದು, ತುಂಬಿದ ಜೀಪ್ನಿ ಬಸ್ಸಿನಲ್ಲಿ ನಿಂತುಕೊಂಡೇ ಡಯಾಲಿಸಿಸ್ ಕೇಂದ್ರಕ್ಕೆ ಹೋದಳು. ದೊಡ್ಡ ಡಾಕ್ಟರು ಕಾಗದವನ್ನು ಎರಡು ಸಲ ಓದಿ, ಫೋನೆತ್ತಿ ನೆನಿಂಗ್‌ಳನ್ನು ಕರೆಸಿದರು. ಅವಳು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಬಂದಳು.

"ತಪ್ಪು ನಮ್ದು ಅಕ್ಕಾ," ಎಂದಳು ಮಾರಿವಿಕ್.

"ನಿಂಗೆ ಯಾವತ್ತು ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ಗೊಂದಲ ಆಗುತ್ತೆ ಅಂತ... ಎಂಟು ತಿಂಗಳ ಹಿಂದೆ."

"ಎಂಟು ತಿಂಗಳು!" ನೆನಿಂಗ್ ಸಿಡಿದಳು. "ವಾರಕ್ಕೆ ಮೂರು ಸಲ ಆ ಕೂಸು ಇಲ್ಲಿ ಮಲಗ್ತದೆ ಕಣೇ! ಒಂದ್ಸಲ ಹೇಳಿ ಸುಮ್ನಾದ್ಯಾ?"



ಅಂದೂ ಮಗುವಿನ ಸರದಿ. ನೆನಿಂಗ್ ಕೈ ತೊಳೆದುಕೊಂಡಳು. ಬಿಳಿ ಪಟ್ಟಿಯ ಮೇಲೆ ಮಗುವಿನ ಮಿತಿಯನ್ನು ದೊಡ್ಡದಾಗಿ ಬರೆದು ಯಂತ್ರದ ಹಣೆಗೆ ಅಂಟಿಸಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಆ ಪುಟ್ಟ ಮಣಿಕಟ್ಟನ್ನು ಹಿಡಿದು, ತುಟಿಯಲ್ಲೇ ನಾಡಿ ಎಣಿಸತೊಡಗಿದಳು.