ಹಿಡಿಯಕ್ಕಿ

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಓರೆ ಮಾಡ್ರಪ್ಪಾ, ಆ ಕಡೆ ಸ್ವಲ್ಪ ಮೇಲೆತ್ತಿ," ಎಂದರು ಚರ್ಚಿನ ಸಭೆಯ ಹಿರಿಯ ಜಯಕರ. ನಾಲ್ವರು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಸತ್ಯಮಂಗಲದ ಬಡಗಿಗೆ ಹೆಣದ ಅಳತೆ ಹೇಳಿ ಕಳಿಸಿದ್ದರು. ಬಾಗಿಲಿನ ಅಳತೆ ಹೇಳಲು ಯಾರಿಗೂ ಹೊಳೆದಿರಲಿಲ್ಲ.

ಉಪದೇಶಿ ಸಾಮುವೇಲಪ್ಪ ನಡುಮನೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಚಾಪೆಯ ಮೇಲೆ ಮಲಗಿಸಿದ್ದವಳು ಅವರ ಹೆಂಡತಿ. ದೀಕ್ಷಾಸ್ನಾನದ ಹೆಸರು ಕೃಪಾವತಿ. ಆ ಹೆಸರಿನಿಂದ ಅವಳನ್ನು ಕರೆದದ್ದು ದೀಕ್ಷೆ ಕೊಟ್ಟ ಪಾದ್ರಿ ಅಯ್ಯನವರೊಬ್ಬರೇ, ಅದೂ ಆವತ್ತೊಂದು ದಿನ. ಉಳಿದವರಿಗೆಲ್ಲ ಅವಳು ಗುಬ್ಬಿ ಕಡೆಯ ಪುಟ್ಟಗಂಗಮ್ಮನಾಗಿಯೇ ಉಳಿದಳು. ತುಮಕೂರಿನ ಆಸ್ಪತ್ರೆಯಲ್ಲಿ ಹಿಂದಿನ ಸಂಜೆ ತೀರಿಕೊಂಡಿದ್ದಳು.

ಅಲ್ಲಿಂದೀಚೆಗೆ ಸಾಮುವೇಲಪ್ಪ ಅತ್ತಿರಲಿಲ್ಲ. ತಡೆದುಕೊಂಡಿದ್ದೂ ಅಲ್ಲ, ಅಳು ಬಂದೇ ಇರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆಂದು ಮಂಡಿಯೂರಿದರೆ ಅದೂ ಬರಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿ, ಎದ್ದು ಹೋಗಿ ಮುಖ ತೊಳೆದುಕೊಂಡಿದ್ದರು.

"ನೋಡಿ ನಮ್ಮ ಉಪದೇಶಿಗಳನ್ನ," ಎಂದು ಜಯಕರ ಪಕ್ಕದವರಿಗೆ ಹೇಳಿದರು, ಇವರಿಗೂ ಕೇಳಲಿ ಅನ್ನುವಷ್ಟು ಗಟ್ಟಿಯಾಗಿ. "ಒಂದು ಹನಿ ಕಣ್ಣೀರಿಲ್ಲ. ನಂಬಿಕೆ ಅಂದ್ರೆ ಇದು."

ಸಾಮುವೇಲಪ್ಪನವರಿಗೆ ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ.

ಅಷ್ಟರಲ್ಲಿ ಭಾವಮೈದ ದ್ಯಾವಪ್ಪ ಗುಬ್ಬಿ ಬಸ್ಸಿಳಿದು ಬಂದ. ಅಕ್ಕನ ಕಾಲು ಮುಟ್ಟಿದ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಾಯಿಬಿಟ್ಟು ಅತ್ತ. ಅತ್ತು ಮುಗಿದ ಮೇಲೆ ಭಾವನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಭಾವ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ."

"ಕೇಳು."

"ಅಕ್ಕ ನಿಜ್ವಾಗ್ಲೂ ನಿಮ್ ದೇವ್ರನ್ನ ನಂಬಿದ್ಲಾ? ಇಲ್ಲ, ನಿಮ್ಮುನ್ನ ಮದ್ವೆ ಆಗ್ಬೇಕಲ್ಲ ಅಂತ ತಲೆ ಮ್ಯಾಲೆ ನೀರಾಕಿಸ್ಕಂಡು ಅಂಗೇ ಇದ್ಬುಟ್ಲಾ?"

ಸಾಮುವೇಲಪ್ಪ ತಿರುಗಿ ನೋಡಿದರು. ಹುಡುಗನ ಮುಖದಲ್ಲಿ, ಅವನಿಗೂ ಈಗ ಐವತ್ತು ಹತ್ತಿರ, ಕುಹಕ ಇರಲಿಲ್ಲ.

"ನಮ್ಮವ್ವ ಕೇಳ್ಕಂಡ್ ಬಾ ಅಂದವ್ಳೆ. ಬರೀ ನಿಮಗೋಸ್ಕರ ಇದ್ಲು ಅಂದ್ರೆ ಹನ್ನೊಂದ್ನೇ ದಿನ ನಾವು ಊರಲ್ಲಿ ಎಡೆ ಇಕ್ತೀವಿ. ಹಸ್ಕಂಡು ತಿರುಗ್ಬಾರ್ದಲ್ಲ. ನಿಜ್ವಾಗ್ಲೂ ನಂಬಿದ್ಲು ಅಂದ್ರೆ ಇಕ್ಕಲ್ಲ, ಇಕ್ಕುದ್ರೆ ಅವ್ಳಿಗೇ ಅವಮಾನ ಮಾಡ್ದಂಗೆ. ನೀವು ಸುಳ್ಳು ಹೇಳಲ್ಲ ಅಂತ ಅವ್ವಂಗೆ ಗೊತ್ತು."

"ಯಾವಾಗ ಹೋಗ್ತೀಯ?"

"ಸಂಜೆ ಬಸ್ಸಿಗೆ."

"ಹೋಗೋ ಮುಂಚೆ ಹೇಳ್ತೀನಿ."

ಕುಣಿಗಲ್, ತುಮಕೂರು, ಊರ್ಡಿಗೆರೆ, ಹೋದಲ್ಲೆಲ್ಲ ಜನರ ನಂಬಿಕೆಯನ್ನು ಒರೆಗೆ ಹಚ್ಚುವುದೇ ಸಾಮುವೇಲಪ್ಪನವರ ಕೆಲಸವಾಗಿತ್ತು. ದೀಕ್ಷೆಗೆ ಬಂದವರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಹಾಕುತ್ತಿದ್ದರು. ಯಾರದು ಹೃದಯದ್ದು, ಯಾರದು ಮಿಶನ್ ಹಾಸ್ಟೆಲ್ ಸೀಟಿನದ್ದು ಎಂದು ಮುಖ ನೋಡಿ ಹೇಳುತ್ತೇನೆ ಎನ್ನುತ್ತಿದ್ದರು. ಹಾಸ್ಟೆಲಿನ ಅಡುಗೆಮನೆಯಲ್ಲಿದ್ದ ಪುಟ್ಟಗಂಗಮ್ಮನಿಗೂ ಮದುವೆಗೆ ಮುಂಚೆ ಅದೇ ಪ್ರಶ್ನೆಗಳನ್ನು ಹಾಕಿದ್ದರು. ಅವಳು ಎಲ್ಲಕ್ಕೂ ಬಾಯಿಪಾಠದ ಉತ್ತರ ಒಪ್ಪಿಸಿ, "ಪಾಸಾ?" ಎಂದು ಕೇಳಿದ್ದಳು. ಅವರು ನಕ್ಕಿದ್ದರು. ಪಾಸು ಅಂತ ಮಾತ್ರ ಹೇಳಿರಲಿಲ್ಲ.

ಪೆಟ್ಟಿಗೆ ಕೊನೆಗೂ ಒಳಗೆ ಬಂತು.

* * *

ಕುಣಿಗಲ್ಲಿನಲ್ಲಿ ಅವರಿದ್ದದ್ದು ಎಪ್ಪತ್ತನಾಲ್ಕರಲ್ಲಿ. ಸಭೆಯ ಹೆಂಗಸರಿಗೆ ಒಂದು ಪದ್ಧತಿಯಿತ್ತು. ಅನ್ನಕ್ಕಿಡುವಾಗಲೆಲ್ಲ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ದೇವರಿಗೆಂದು ಬೇರೆ ಡಬ್ಬಕ್ಕೆ ಹಾಕಬೇಕು, ಭಾನುವಾರ ಅದನ್ನು ಆರಾಧನೆಗೆ ತರಬೇಕು. ಹಿಡಿಯಕ್ಕಿ ಎಂದು ಅದರ ಹೆಸರು. ವಾರವೆಲ್ಲ ಮರೆತು ಶನಿವಾರ ಸಂಜೆ ಒಂದೇ ಸಲ ಬೊಗಸೆಗಟ್ಟಲೆ ಸುರಿದುಕೊಂಡು ಬರುವವರೂ ಇದ್ದರು. ಉಪದೇಶಿಗಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು, ದೇವರ ವಿಷಯ ಯೋಚಿಸಿದಂತಿರಲಿಲ್ಲ.

ಆ ವರ್ಷ ಅವರ ನಾಲ್ಕು ವರ್ಷದ ಮಗಳು ಎಸ್ತೇರಳಿಗೆ ಜ್ವರ ಬಂತು. ಜ್ವರ ಬಿಡಲಿಲ್ಲ. ಮಧ್ಯಾಹ್ನ ಮಗುವನ್ನು ಮಣ್ಣು ಮಾಡಿ ಬಂದರು. ಪುಟ್ಟಗಂಗಮ್ಮ ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಅಳುತ್ತಿದ್ದಳು. "ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದು," ಎಂದು ಸಾಮುವೇಲಪ್ಪ ಮೆಲ್ಲಗೆ ಗದರಿದರು. ಸಭೆಯವರೆಲ್ಲ ಜೊತೆಗಿದ್ದರು. ಅವಳು ಅಳು ನಿಲ್ಲಿಸಿದಳು.

ಸಂಜೆ ಯಾರೋ ಹೊಟ್ಟೆಗೆ ಇಷ್ಟು ಹಾಕಿಕೊಳ್ಳಿ ಎಂದಾಗ ಎದ್ದು ಒಲೆ ಹಚ್ಚಿದಳು. ಅಕ್ಕಿ ಅಳೆದಳು. ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕಿದಳು.

ಸಾಮುವೇಲಪ್ಪ ಅದನ್ನು ನೋಡಿದರು. "ಇವತ್ತೂನಾ?" ಎಂದರು.

ಅವಳು ಡಬ್ಬದ ಮುಚ್ಚಳ ಹಾಕಿದಳು.

"ನಿನ್ನ ಮನಸ್ಸೇ ಇದರಲ್ಲಿ ಇಲ್ಲ. ಇದು ಬರೀ ಅಭ್ಯಾಸ. ಮನಸ್ಸಿಲ್ಲದೆ ಕೊಟ್ಟಿದ್ದು ದೇವರಿಗೆ ಮುಟ್ಟಲ್ಲ."

"ಮನ್ಸು ಎಲ್ಲೈತೋ ನಂಗೊತ್ತಿಲ್ಲ," ಎಂದಳು ಪುಟ್ಟಗಂಗಮ್ಮ. "ಕೈ ಐತಲ್ಲ."

ಆ ಭಾನುವಾರ ಅವರು ನಿಜವಾದ ನಂಬಿಕೆ ಎಂಬ ವಿಷಯದ ಮೇಲೆ ಪ್ರಸಂಗ ಮಾಡಿದರು. ಕೈ ಕೊಟ್ಟರೆ ಸಾಲದು, ಹೃದಯ ಕೊಡಬೇಕು ಎಂದರು. ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳಿದರು. ಹೆಂಗಸರ ಸಾಲಿನಲ್ಲಿ ಅವಳು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು.

* * *

ಸಮಾಧಿಯ ಹತ್ತಿರ ಅಯ್ಯನವರು ಬೈಬಲಿನ ವಾಕ್ಯ ಓದಿ ಮುಗಿಸಿ, "ಉಪದೇಶಿಗಳು ಸಹೋದರಿಯ ಬಗ್ಗೆ ಎರಡು ಮಾತು ಸಾಕ್ಷಿ ಹೇಳಬೇಕು," ಎಂದರು.

ಸಾಮುವೇಲಪ್ಪ ಮುಂದೆ ಬಂದರು. ಹೇಳಲು ಏನೂ ಇಲ್ಲ ಎಂದುಕೊಂಡೇ ಬಾಯಿ ತೆರೆದರು. ಮಾತು ತಾನಾಗಿ ಹೊರಟಿತು. ನಿರೀಕ್ಷೆ, ನಿತ್ಯಜೀವ, ಮತ್ತೆ ಕಾಣುವ ಬೆಳಗು. ಇಷ್ಟು ವರ್ಷ ಬೇರೆಯವರ ಹೆಣಗಳ ಮುಂದೆ ಹೇಳಿ ಹೇಳಿ ನಾಲಗೆಗೆ ದಾರಿ ಗೊತ್ತಾಗಿತ್ತು. ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಯಿತು. ಹೆಂಗಸರು ಮೂಗು ಒರೆಸಿಕೊಂಡರು. ಬೇರೆ ಯಾರೋ ಮಾತಾಡುತ್ತಿರುವಂತೆ ಅವರು ನಿಂತು ಕೇಳಿದರು. ಇದರಲ್ಲಿ ನನ್ನದು ಯಾವುದು ಎಂದು ತಮ್ಮನ್ನೇ ಕೇಳಿಕೊಂಡರು. ಬೇರೆಯವರಿಗೆ ಹಾಕುತ್ತಿದ್ದ ಪ್ರಶ್ನೆ ಅದು. ತಮ್ಮ ಎದುರು ತಾವೇ ಕೂತರೆ ಪಾಸು ಮಾಡುವ ಹಾಗೆ ಕಾಣಲಿಲ್ಲ.

ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ದ್ಯಾವಪ್ಪನೂ ಹಾಕಿದ. ಸಾಮುವೇಲಪ್ಪನವರೂ ಹಾಕಿದರು. ಮಣ್ಣು ತಣ್ಣಗಿತ್ತು ಅನ್ನುವುದಷ್ಟೇ ಗೊತ್ತಾಯಿತು.

* * *

ಹೋದ ವಾರ, ಆಸ್ಪತ್ರೆಯಲ್ಲಿ, ಅವಳು ಇದ್ದಕ್ಕಿದ್ದಂತೆ ಕೇಳಿದ್ದಳು.

"ಮನ್ಸಿಲ್ದೆ ಕೊಟ್ಟಿದ್ದು ಮುಟ್ಟಲ್ಲ ಅಂದಿದ್ರಲ್ಲ ನೀವು."

"ಯಾವಾಗ?"

"ಎಸ್ತೇರು ಹೋದಾಗ. ಆಮೇಲೆ ನಂಗೆ ಎಷ್ಟೋ ದಿನ ಮನ್ಸಿರ್ಲಿಲ್ಲ ಕಣ್ರೀ. ವರ್ಷಾನ್‌ಗಟ್ಲೆ. ಪ್ರಾರ್ಥನೇಲಿ ಕಣ್ಮುಚ್ಚಿದ್ರೆ ಏನೂ ಇರ್ತಿರ್ಲಿಲ್ಲ. ಸುಮ್ನೆ ಅಕ್ಕಿ ಆಕ್ತಾ ಇದ್ದೆ. ಅದೆಲ್ಲ ಲೆಕ್ಕಕ್ಕೇ ಇಲ್ವಾ? ನಂದು ನಂಬಿಕೇನೇ ಅಲ್ವಾ?"

ನರ್ಸು ಬಾಟಲಿ ಬದಲಾಯಿಸಲು ಬಂದಳು. "ಈಗ ಅದೆಲ್ಲ ಯಾಕೆ, ಸುಸ್ತಾಗುತ್ತೆ, ಮಲಗು," ಎಂದಿದ್ದರು ಸಾಮುವೇಲಪ್ಪ. ನಾಳೆ ಹೇಳಿದರಾಯಿತು ಎಂದುಕೊಂಡರು. ಮಾರನೆಯ ದಿನದಿಂದ ಅವಳಿಗೆ ಮಾತು ನಿಂತಿತು.

* * *

ಸಂಜೆಯ ಹೊತ್ತಿಗೆ ಮನೆ ಖಾಲಿಯಾಗಿತ್ತು. ಜಯಕರ ಹೋಗುವಾಗ ಕೈ ಹಿಡಿದುಕೊಂಡು, "ಎಂಥಾ ಸಾಕ್ಷಿ ಉಪದೇಶಿಗಳೇ," ಎಂದಿದ್ದರು. ಸಾಮುವೇಲಪ್ಪನವರ ತಂಗಿ ಸುಗುಣಮ್ಮ ಅಡುಗೆಮನೆಯಲ್ಲಿ ಸೇರು ಹುಡುಕುತ್ತಿದ್ದಳು. ದ್ಯಾವಪ್ಪ ಹೊರಗೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

ಸಾಮುವೇಲಪ್ಪ ನೀರು ಕುಡಿಯಲು ಒಳಗೆ ಹೋದರು. ಸುಗುಣಮ್ಮ ಒಂದು ಸೇರು ಅಕ್ಕಿ ಅಳೆದು ಮೊರಕ್ಕೆ ಸುರಿದು, ಕಲ್ಲು ನೋಡಿ, ಪಾತ್ರೆಗೆ ಹಾಕುವುದರಲ್ಲಿದ್ದಳು.

"ತಡಿ," ಎಂದರು ಅವರು.

"ಯಾಕಣ್ಣಾ?"

ಯಾಕೆಂದು ಅವರಿಗೂ ತಿಳಿದಿರಲಿಲ್ಲ. ಬಗ್ಗಿ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದರು. ಗೂಡಿನಲ್ಲಿ ಹಿಡಿಯಕ್ಕಿ ಡಬ್ಬ ಇತ್ತು. ಎಡಗೈಯಲ್ಲಿ ಅದರ ಮುಚ್ಚಳ ತೆಗೆದರು. ಒಳಗೆ ಅರ್ಧ ಅಕ್ಕಿ ಇತ್ತು, ಆಸ್ಪತ್ರೆಗೆ ಹೋಗುವ ಮುಂಚಿನದು. ದೇವರು ನೆನಪಾಗಲಿಲ್ಲ. ಮನಸ್ಸಿನಲ್ಲಿ ಬೆಳಿಗ್ಗೆ ಮಂಡಿಯೂರಿದಾಗ ಇದ್ದ ಖಾಲಿಯೇ ಇತ್ತು. ಆದರೂ ಮುಷ್ಟಿ ಡಬ್ಬದ ಮೇಲೆ ಬಂದು ನಿಂತಿತ್ತು. ಪುಟ್ಟಗಂಗಮ್ಮ ವರ್ಷಗಟ್ಟಲೆ ಹೀಗೆ ನಿಂತಿದ್ದಳು, ಒಬ್ಬಳೇ, ಒಲೆಯ ಮುಂದೆ.

"ಭಾವ," ದ್ಯಾವಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಹೆಗಲಲ್ಲಿ ಚೀಲ ಇತ್ತು. "ಬಸ್ಸಿಗೆ ಹೊತ್ತಾಯ್ತು. ಅವ್ವಂಗೆ ಏನ್ ಹೇಳ್ಲಿ?"

"ಎಡೆ ಇಡೋದು ಬೇಡ ಅನ್ನು."

"ಅಂದ್ರೆ ನಂಬಿದ್ಲು."

"ನಂಬಿದ್ಲು."

"ನಿಜ್ವಾಗ್ಲೂ?"

"ಹೂಂ. ನನಗಿಂತ."

ದ್ಯಾವಪ್ಪ ತಲೆಯಾಡಿಸಿದ. ಹೊರಡಲು ತಿರುಗಿದವನು ಮತ್ತೆ ನಿಂತ. "ಅಕ್ಕಂಗೂ ಗೊತ್ತಿತ್ತಾ ಅದು?"

ಸಾಮುವೇಲಪ್ಪ ಡಬ್ಬದ ಕಡೆ ತಿರುಗಿದರು. ಸ್ವಲ್ಪ ಹೊತ್ತು ಕಾದು, "ಬತ್ತೀನಿ ಭಾವ," ಎಂದು ದ್ಯಾವಪ್ಪ ಹೊರಟ. ಚಪ್ಪಲಿಯ ಸದ್ದು ಬೀದಿಗಿಳಿಯಿತು.

"ಅಣ್ಣಾ, ಒಲೆ ಹಚ್ಲಾ?" ಎಂದಳು ಸುಗುಣಮ್ಮ.

ಅವರು ತಮ್ಮ ಮುಷ್ಟಿಯನ್ನು ನೋಡಿದರು. ಗಂಡಸಿನ ಕೈ, ಅಕ್ಕಿ ಬೆರಳ ಸಂದಿಯಿಂದ ಉಕ್ಕುವಷ್ಟಿತ್ತು. ಅವಳ ಹಿಡಿ ಇಷ್ಟು ದೊಡ್ಡದಲ್ಲ. ಮುಷ್ಟಿಯನ್ನು ಮತ್ತೆ ಮೊರದ ಮೇಲೆ ತಂದು ಬೆರಳು ಸಡಿಲ ಮಾಡಿದರು. ಅಕ್ಕಿ ಸ್ವಲ್ಪ ಸ್ವಲ್ಪವೇ ಉದುರಿತು. ಅವಳ ಕೈಯಷ್ಟು ಉಳಿಯುವವರೆಗೆ ಉದುರಲು ಬಿಟ್ಟು, ಉಳಿದದ್ದನ್ನು ಡಬ್ಬಕ್ಕೆ ಹಾಕಿದರು.